ಮಗ ಜಾಕಿ ಆಗ್ತೀನಿ ಅಂತ ರಾತ್ರಿ ಊಟ ಬಿಟ್ಟಿದ್ದಾನೆ

ಪ್ರಶ್ನೆ: ನಾವು ಮೈಸೂರಿನವರು. ನನ್ನ ತಮ್ಮ ರೇಸ್‌ಕೋರ್ಸಿನ ಲಾಯದಲ್ಲಿ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವನು, ಆಗಿದ್ದಾನೆ. ನನ್ನ ಮಗನಿಗೆ ಈಗ 16 ವರ್ಷ, ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರಿದ್ದಾನೆ. ಎರಡು ವರ್ಷದಿಂದ ಬೆಳಗಿನ ಜಾವ ಮಾವನ ಜೊತೆ ಲಾಯಕ್ಕೆ ಹೋಗುತ್ತಾನೆ, ಕುದುರೆ ಅಂದರೆ ಪ್ರಾಣ. ಈಗ ರೇಸಿನಲ್ಲಿ ಕುದುರೆ ಓಡಿಸುವ ಜಾಕಿ ಆಗಲೇಬೇಕು ಅನ್ನುತ್ತಿದ್ದಾನೆ. ಎತ್ತರ 163 ಸೆಂಟಿಮೀಟರ್, ತೂಕ 51 ಕೆಜಿ. ಅವರಪ್ಪ 178, ನಾನು 160. ಮೂರು ತಿಂಗಳಿಂದ ರಾತ್ರಿ ಊಟ ಮುಟ್ಟುತ್ತಿಲ್ಲ. ಊಟ ಕಮ್ಮಿ ಮಾಡಿದರೆ ಎತ್ತರ ಬೆಳೆಯುವುದು ನಿಲ್ಲುತ್ತದಂತೆ. ಬಿಸಿಲಿನಲ್ಲಿ ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ಓಡುತ್ತಾನೆ. ಹೋದ ವಾರ ಅವನ ಬ್ಯಾಗಿನಲ್ಲಿ ಮೂತ್ರ ಹೆಚ್ಚು ಹೋಗುವ ಮಾತ್ರೆ ಸಿಕ್ಕಿತು, ಲಾಯದ ಯಾರೋ ಹುಡುಗ ಕೊಟ್ಟಿದ್ದು. ಕೇಳಿದರೆ "ಎಲ್ಲ ಜಾಕಿಗಳೂ ಹೀಗೇ ಮಾಡೋದು, ಒಳ್ಳೆ ಕುದುರೆ ಸಿಕ್ಕರೆ ಯಾರು ಬೇಕಾದರೂ ಗೆಲ್ಲಬಹುದು, ತೂಕ ಒಂದು ಇರಬೇಕು ಅಷ್ಟೇ" ಎನ್ನುತ್ತಾನೆ. ರೇಸ್ ಅಂದರೆ ಜೂಜು, ಎಲ್ಲಾ ಮೊದಲೇ ಫಿಕ್ಸ್ ಆಗಿರುತ್ತದೆ ಎಂದು ಇವನ ಅಪ್ಪ ಬೈಯುತ್ತಾರೆ. ಇದರಲ್ಲಿ ಜೀವನ ಆಗುತ್ತದಾ ಸರ್? ತಡೆಯಬೇಕಾ, ಬಿಡಬೇಕಾ?

ಉತ್ತರ: ಅಮ್ಮಾ, ಮಾತ್ರೆಯ ವಿಚಾರ ಮೊದಲು. ಬೇರೆ ಎಲ್ಲಕ್ಕೂ ಸಮಯವಿದೆ, ಅದಕ್ಕಿಲ್ಲ. ನಾನು ಹದಿನೆಂಟು ವರ್ಷ ಸವಾರಿ ಮಾಡಿದವನು, ಈಗ ರೈಡಿಂಗ್ ಹುಡುಗರಿಗೆ ಹೇಳಿಕೊಡುತ್ತಿದ್ದೇನೆ. ನನ್ನ ಹತ್ತಿರ ಬರುವ ಹುಡುಗರ ಜೇಬಿನಲ್ಲೂ ಆ ಮಾತ್ರೆ ಕಂಡಿದ್ದೇನೆ. ಅದು ಸಾಮಾನ್ಯವಾಗಿ ಫ್ಯೂರೋಸೆಮೈಡ್. ಓಡುವಾಗ ಶ್ವಾಸಕೋಶದಲ್ಲಿ ರಕ್ತ ಒಸರುವ ಕುದುರೆಗಳಿಗೂ ಅದೇ ಔಷಧಿ ಕೊಡುವುದರಿಂದ ಲಾಯದಲ್ಲಿ ಅದರ ಹೆಸರು ಎಲ್ಲರಿಗೂ ಗೊತ್ತು. ಅದರಿಂದ ಇಳಿಯುವುದು ಕೊಬ್ಬಲ್ಲ, ಮೈಯ ನೀರು. ನೀರಿನ ಜೊತೆ ಪೊಟ್ಯಾಸಿಯಂ ಕೂಡ ಹೋಗುತ್ತದೆ, ಪೊಟ್ಯಾಸಿಯಂ ಇಳಿದರೆ ಎದೆಬಡಿತದ ಲಯ ತಪ್ಪುತ್ತದೆ. ಊಟ ಬಿಟ್ಟು, ಬಿಸಿಲಲ್ಲಿ ಬೆವರಿ, ಅದರ ಮೇಲೆ ಈ ಮಾತ್ರೆ ನುಂಗಿದ ಹುಡುಗ ಕುಸಿದು ಬಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಇದು ವಿಶ್ವ ಮಟ್ಟದ ಉದ್ದೀಪನ ಮದ್ದುಗಳ ಪಟ್ಟಿಯಲ್ಲೂ ಇದೆ, ಯಾವ ಕ್ರೀಡಾಪಟುವೂ ತೆಗೆದುಕೊಳ್ಳುವಂತಿಲ್ಲ. ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಎಷ್ಟು ನುಂಗಿದ್ದಾನೆ ಎಂದು ಅವನ ಬಾಯಿಂದಲೇ ಹೇಳಿಸಿ, ರಕ್ತ ಪರೀಕ್ಷೆ ಮಾಡಿಸಿ. ಬೈಯಬೇಡಿ. ಬೈದರೆ ಮುಂದಿನ ಸಲ ಬ್ಯಾಗಿನಲ್ಲಿ ಇಡುವುದಿಲ್ಲ, ಅಷ್ಟೇ.

ಇನ್ನು "ಎಲ್ಲ ಜಾಕಿಗಳೂ ಹೀಗೇ ಮಾಡೋದು" ಅನ್ನುವ ಮಾತು. ಸುಳ್ಳು ಅನ್ನಲಾರೆ. ಮಾಡಿದ್ದಾರೆ, ನಾನೂ ಮಾಡಿದ್ದೇನೆ. ಬೇಸಿಗೆಯ ಒಂದು ರೇಸಿಗೆ 51 ಕೆಜಿ ತೂಕಕ್ಕೆ ಒಪ್ಪಿಕೊಂಡೆ. ನನ್ನ ಮೈ ಆ ದಿನ 53ರ ಮೇಲಿತ್ತು. ಒಂದೂವರೆ ದಿನ ನೀರು ಬಿಟ್ಟು, ಬಿಸಿನೀರಿನ ತೊಟ್ಟಿಯಲ್ಲಿ ಕೂತು ಇಳಿಸಿದೆ. ತೂಕದ ಯಂತ್ರದ ಮುಂದೆ ಗೆದ್ದೆ. ಟ್ರ್ಯಾಕಿನಲ್ಲಿ ಕೊನೆಯ 200 ಮೀಟರ್ ಬಂದಾಗ ಕೈ ನನ್ನದಾಗಿರಲಿಲ್ಲ. ಕಣ್ಣು ಮಂಜಾಗಿ ಪಕ್ಕದ ಕುದುರೆ ಎಲ್ಲಿದೆ ಎಂದೂ ತಿಳಿಯಲಿಲ್ಲ. ಒಂದು ಕುತ್ತಿಗೆಯಷ್ಟರಲ್ಲಿ ಸೋತೆ. ಕೆಳಗಿಳಿದು ಟ್ರೇನರ್ ಮುಂದೆ "ಕುದುರೆ ಸುಸ್ತಾಯ್ತು ಸರ್" ಅಂದೆ. ಸುಸ್ತಾಗಿದ್ದು ನಾನು. ಆ ಹೆಣ್ಣುಕುದುರೆ ಇನ್ನೂ ಓಡುತ್ತಿತ್ತು. ಮಾತು ಬಾರದ ಪ್ರಾಣಿಯ ಮೇಲೆ ತಪ್ಪು ಹೊರಿಸಿದ್ದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಆ ಟ್ರೇನರ್ ಏನೂ ಅನ್ನಲಿಲ್ಲ, ಆದರೆ ಆ ಲಾಯದಿಂದ ನನಗೆ ಮತ್ತೆ ಸವಾರಿ ಬರಲಿಲ್ಲ.

ನಿಮ್ಮ ಮಗನಿಗೆ ಈ ಕಥೆ ಹೇಳಿ. ಅವನು ತೂಕವೊಂದನ್ನೇ ನೋಡುತ್ತಿದ್ದಾನೆ. ತೂಕ ಇಳಿದ ಮೇಲೂ ಮೈಯಲ್ಲಿ ಬಲ ಉಳಿದಿರಬೇಕು, ಕೆಲಸ ಇರುವುದು ಅಲ್ಲಿ. ಜಾಕಿ ಕುದುರೆಯ ಮೇಲೆ ಕೂತಿರುವುದಿಲ್ಲ ಅಮ್ಮಾ. ಗಿಡ್ಡ ರಿಕಾಪಿನಲ್ಲಿ, ಅಂದರೆ ಜೀನಿಗೆ ತೂಗುವ ಕಾಲಿಡುವ ಬಳೆಯಲ್ಲಿ, ಬೆರಳ ತುದಿಯ ಮೇಲೆ ನಿಂತು, ಮಂಡಿ ಮಡಿಸಿ, ಬೆನ್ನು ಚಪ್ಪಟೆ ಮಾಡಿ ತೇಲುತ್ತಿರುತ್ತಾನೆ. ಟಾಡ್ ಸ್ಲೋನ್ ಎಂಬ ಅಮೆರಿಕದ ಜಾಕಿ 1897ರಲ್ಲಿ ಇಂಗ್ಲೆಂಡಿಗೆ ಹೋಗಿ ಹೀಗೆ ಕುಕ್ಕರುಗಾಲಿನಲ್ಲಿ ಸವಾರಿ ಮಾಡಿದಾಗ ಮೊದಮೊದಲು ಜನ ನಕ್ಕರು, ಆಮೇಲೆ ಎಲ್ಲರೂ ಅದನ್ನೇ ಕಲಿತರು. ಆ ಭಂಗಿ ಬಂದ ಕಾಲದಲ್ಲಿ ರೇಸಿನ ಸಮಯ ನೂರಕ್ಕೆ 5ರಿಂದ 7ರಷ್ಟು ಸುಧಾರಿಸಿತು. ಕಾರಣವೇನೆಂದು 2009ರಲ್ಲಿ ಸಂಶೋಧಕರು ಅಳೆದು ತೋರಿಸಿದರು. ಕುದುರೆಯ ಬೆನ್ನು ಪ್ರತಿ ಹೆಜ್ಜೆಗೂ ಏರಿಳಿಯುತ್ತದೆ, ಹಿಂದೆ ಮುಂದೆ ಹೋಗುತ್ತದೆ. ಜಾಕಿ ತನ್ನ ಕಾಲುಗಳನ್ನೇ ಸ್ಪ್ರಿಂಗ್ ಮಾಡಿಕೊಂಡು ಆ ಕುಲುಕಾಟವನ್ನೆಲ್ಲ ನುಂಗಿಕೊಳ್ಳುತ್ತಾನೆ. ಕುದುರೆ ಅವನ ಭಾರ ಹೊರಬೇಕು ನಿಜ, ಆದರೆ ಪ್ರತಿ ಹೆಜ್ಜೆಗೂ ಅವನನ್ನು ಎತ್ತಿ ತಳ್ಳುವ ಕೆಲಸ ಅದಕ್ಕೆ ತಪ್ಪುತ್ತದೆ. ಆ ಕೆಲಸ ಮಾಡುವುದು ಜಾಕಿಯ ತೊಡೆ ಮತ್ತು ಸೊಂಟ. 450 ಕೆಜಿಗೂ ಮೀರಿದ ಪ್ರಾಣಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವಾಗ ಇದನ್ನು ಮಾಡಬೇಕು. ಮೂರು ತಿಂಗಳು ರಾತ್ರಿ ಊಟ ಬಿಟ್ಟವನ ತೊಡೆಯಲ್ಲಿ ಆ ಬಲ ಎಲ್ಲಿಂದ ಬರಬೇಕು?

ಊಟ ಬಿಟ್ಟರೆ ಎತ್ತರ ನಿಲ್ಲುತ್ತದೆ ಅನ್ನುವ ನಂಬಿಕೆ ಲಾಯಗಳಲ್ಲಿ ತುಂಬಾ ಹಳೆಯದು. ಎತ್ತರ ನಿಂತೇ ನಿಲ್ಲುತ್ತದೆ ಅನ್ನುವ ಭರವಸೆ ಯಾರೂ ಕೊಡಲಾರರು, ಮೂಳೆ ಸೊರಗುವುದು ಮಾತ್ರ ಖಂಡಿತ. ಹದಿನಾರರಿಂದ ಇಪ್ಪತ್ತರವರೆಗಿನ ವಯಸ್ಸು ಮೂಳೆ ತುಂಬಿಕೊಳ್ಳುವ ಕಾಲ. ಆಗ ತುಂಬದಿದ್ದದ್ದು ಆಮೇಲೆ ತುಂಬುವುದು ಕಷ್ಟ. ಐರ್ಲೆಂಡಿನ ಜಾಕಿಗಳನ್ನು ಪರೀಕ್ಷಿಸಿದಾಗ ಹಲವರ ಮೂಳೆಯ ಸಾಂದ್ರತೆ ಕಮ್ಮಿ ಇದ್ದದ್ದು ಕಂಡುಬಂತು. ಬೀಳುವುದೇ ವೃತ್ತಿಯ ಭಾಗವಾಗಿರುವಾಗ ಟೊಳ್ಳು ಮೂಳೆ ಹೊತ್ತುಕೊಂಡು ಹತ್ತುವುದು ಎಂಥ ಅಪಾಯ ನೋಡಿ.

ಈಗ ನೀವು ಕೊಟ್ಟ ಅಳತೆಗಳಿಗೆ ಬರುತ್ತೇನೆ. ಹುಡುಗನ ಎತ್ತರವನ್ನು ಅಂದಾಜು ಮಾಡಲು ಮಕ್ಕಳ ಡಾಕ್ಟರುಗಳು ಒಂದು ಲೆಕ್ಕ ಹಾಕುತ್ತಾರೆ. ಅಪ್ಪನ ಎತ್ತರ, ಅಮ್ಮನ ಎತ್ತರ, ಅದಕ್ಕೆ 13 ಸೇರಿಸಿ ಅರ್ಧ ಮಾಡುವುದು. ನಿಮ್ಮ ಮನೆಯ ಲೆಕ್ಕದಲ್ಲಿ 175 ಸೆಂಟಿಮೀಟರಿನ ಆಸುಪಾಸು ಬರುತ್ತದೆ. ಎಂಟು ಸೆಂಟಿಮೀಟರ್ ಆಚೀಚೆ ಆಗಬಹುದು. 175 ಎತ್ತರದ ಹುಡುಗ ಆರೋಗ್ಯವಾಗಿರಬೇಕಾದರೆ ಕಮ್ಮಿ ಅಂದರೂ 56-57 ಕೆಜಿ ಇರಬೇಕು. ನಮ್ಮ ಹ್ಯಾಂಡಿಕ್ಯಾಪ್ ರೇಸುಗಳಲ್ಲಿ ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ಭಾರ, ಹಿಂದೆ ಬೀಳುವ ಕುದುರೆಗೆ ಕಮ್ಮಿ ಭಾರ. ಆ ಭಾರದಲ್ಲಿ ಜಾಕಿಯ ಜೊತೆಗೆ ಜೀನೂ ಸೇರಿರುತ್ತದೆ. ಹೊಸ ಹುಡುಗನಿಗೆ ಮೊದಲು ಸಿಗುವುದು ಆ ಕಮ್ಮಿ ಭಾರದ ಕುದುರೆಗಳೇ. 57 ಕೆಜಿಯವನಿಗೆ ಆ ಬಾಗಿಲು ತೆರೆಯುವುದಿಲ್ಲ. ಇದು ಅವನ ತಪ್ಪೂ ಅಲ್ಲ, ಛಲದ ಕೊರತೆಯೂ ಅಲ್ಲ.

ಅವನು ಲೆಸ್ಟರ್ ಪಿಗಟ್ ಹೆಸರು ಹೇಳಬಹುದು. ಲಾಯದ ಹುಡುಗರೆಲ್ಲ ಹೇಳುತ್ತಾರೆ. ಹೌದು, ಪಿಗಟ್ ಸುಮಾರು 173 ಸೆಂಟಿಮೀಟರ್ ಇದ್ದರು. ತಮ್ಮ ಮೈಯ ಸಹಜ ತೂಕಕ್ಕಿಂತ ಎಷ್ಟೋ ಕಮ್ಮಿ ತೂಕದಲ್ಲಿ ದಶಕಗಳ ಕಾಲ ಸವಾರಿ ಮಾಡಿ ಇಂಗ್ಲೆಂಡಿನ ಡರ್ಬಿಯನ್ನು ಒಂಬತ್ತು ಸಲ ಗೆದ್ದರು, ಮೊದಲನೆಯದು 1954ರಲ್ಲಿ, ಹದಿನೆಂಟನೇ ವಯಸ್ಸಿಗೆ. ಅಂಥವರು ಶತಮಾನಕ್ಕೊಬ್ಬರು. ಅವರ ಹೆಸರಿನ ಪಕ್ಕದಲ್ಲೇ ಫ್ರೆಡ್ ಆರ್ಚರ್ ಹೆಸರನ್ನೂ ಹೇಳಿ. ಹದಿಮೂರು ಸಲ ಇಂಗ್ಲೆಂಡಿನ ಚಾಂಪಿಯನ್ ಜಾಕಿ, 2,748 ಗೆಲುವು, ಎತ್ತರ ನಿಮ್ಮ ಯಜಮಾನರಷ್ಟೇ, 178. 1886ರಲ್ಲಿ ಒಂದು ರೇಸಿಗಾಗಿ ಮೈ ಒಣಗಿಸಿಕೊಂಡು, ಜ್ವರ ಹತ್ತಿ, ಚಿತ್ತ ಕಲಕಿ 29ನೇ ವಯಸ್ಸಿಗೆ ತಾನೇ ಪ್ರಾಣ ಕಳೆದುಕೊಂಡ. ಅದಕ್ಕೆ ಎರಡು ವರ್ಷ ಹಿಂದೆ ಹೆಂಡತಿ ತೀರಿಕೊಂಡಿದ್ದ ದುಃಖವೂ ಅವನಿಗಿತ್ತು. ಹಸಿದ ಮೈಗೆ ದುಃಖ ತಡೆಯುವ ಶಕ್ತಿ ಇರುವುದಿಲ್ಲ. ನಿಮ್ಮ ಮಗ ಇತ್ತೀಚೆಗೆ ಮಾತು ಕಮ್ಮಿ ಮಾಡಿದ್ದರೆ, ಸಣ್ಣದಕ್ಕೂ ರೇಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ವೃತ್ತಿಯೂ ಬದಲಾಗುತ್ತಿದೆ. ಬ್ರಿಟನ್ನಿನ ರೇಸ್‌ಕೋರ್ಸುಗಳಲ್ಲಿ ಜಾಕಿಗಳು ಬೆವರಿ ತೂಕ ಇಳಿಸಲೆಂದೇ ಸೌನಾ ಕೋಣೆಗಳಿದ್ದವು. 2020ರಲ್ಲಿ ಕೋವಿಡ್‌ ಕಾರಣಕ್ಕೆ ಮುಚ್ಚಿದವರು ಮರುವರ್ಷ ಅವನ್ನು ಕಾಯಂ ಆಗಿ ತೆಗೆದೇಬಿಟ್ಟರು. "ಹೀಗೇ ಮಾಡೋದು" ಎಂದು ನಮ್ಮ ಹುಡುಗರು ಕಲಿಯುತ್ತಿರುವುದು ಬೇರೆಯವರು ಕೈಬಿಡುತ್ತಿರುವ ಪದ್ಧತಿ.

"ಒಳ್ಳೆ ಕುದುರೆ ಸಿಕ್ಕರೆ ಯಾರು ಬೇಕಾದರೂ ಗೆಲ್ಲಬಹುದು" ಅಂದನಲ್ಲ, ಅದನ್ನು ಕೇಳಿ ನನಗೆ ಸ್ವಲ್ಪ ಬೇಜಾರಾಯಿತು. ಒಳ್ಳೆ ಕುದುರೆ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಒಳ್ಳೆ ಕುದುರೆಯನ್ನು ಕೊಡುವವರು ಯಾರು? ಮಾಲೀಕರು, ಟ್ರೇನರು. ಅವರು ಏನು ನೋಡಿ ಕೊಡುತ್ತಾರೆ ಎಂಬುದರಲ್ಲೇ ಈ ವೃತ್ತಿಯ ಗುಟ್ಟೆಲ್ಲ ಇದೆ. ಮೊದಲನೆಯದು, ಬೆಳಗಿನ ಟ್ರ್ಯಾಕ್ ಕೆಲಸ. ರೇಸಿನ ದಿನ ಜನ ನೋಡುವುದು ಒಂದೂಕಾಲು ನಿಮಿಷ. 1200 ಮೀಟರ್ ಓಟ ಹೆಚ್ಚುಕಮ್ಮಿ 72 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅದಕ್ಕೆ ಮುಂಚೆ ವಾರಗಟ್ಟಲೆ ಜಾಕಿ ಆ ಕುದುರೆಯನ್ನು ಕತ್ತಲಲ್ಲಿ ಓಡಿಸಿರುತ್ತಾನೆ. "200 ಮೀಟರಿಗೆ 15 ಸೆಕೆಂಡ್, ಅದಕ್ಕಿಂತ ಜೋರು ಬೇಡ" ಎಂದು ಟ್ರೇನರ್ ಹೇಳಿದರೆ ವಾಚಿಲ್ಲದೆ ಹದಿನೈದಕ್ಕೇ ತರಬೇಕು. ಇಳಿದು ಬಂದು "ಎಡಗಡೆ ಮುಂಗಾಲು ಇಡುವಾಗ ಅನುಮಾನ ಪಡ್ತಿದೆ ಸರ್" ಎಂದು ಹೇಳುವ ಸೂಕ್ಷ್ಮ ಇರಬೇಕು. ಆ ಒಂದು ಮಾತಿನಿಂದ ಕುದುರೆಯ ಕಾಲು ಉಳಿಯುತ್ತದೆ. ಅಂಥ ಹುಡುಗನನ್ನು ಟ್ರೇನರ್ ಮರೆಯುವುದಿಲ್ಲ.

ಎರಡನೆಯದು ತಲೆ. ಒಂದು ಲೆಕ್ಕ ಹೇಳುತ್ತೇನೆ, ಪಿಯುಸಿ ಓದುತ್ತಿದ್ದಾನಲ್ಲ, ಅವನ ಮುಂದೆ ಇಡಿ. ಅರ್ಧವೃತ್ತದ ತಿರುವಿನಲ್ಲಿ ಬೇಲಿಯಿಂದ ಒಂದು ಮೀಟರ್ ಆಚೆ ಓಡಿದ ಕುದುರೆ ಎಷ್ಟು ಹೆಚ್ಚು ದೂರ ಓಡುತ್ತದೆ? ಮೂರು ಮೀಟರಿಗೂ ಮಿಕ್ಕಿ. ಅಂದರೆ ಒಂದು ಕುದುರೆಯ ಉದ್ದಕ್ಕಿಂತ ಹೆಚ್ಚು. ನಾನು ಸೋತಿದ್ದು ಒಂದು ಕುತ್ತಿಗೆಯಷ್ಟರಲ್ಲಿ. ಹಾಗೆಂದು ಬೇಲಿಯ ಪಕ್ಕವೇ ಹೋದರೆ ಮುಂದಿನ ಕುದುರೆ ಸುಸ್ತಾಗಿ ಹಿಂದೆ ಬಂದಾಗ ಅದರ ಹಿಂದೆ ಸಿಕ್ಕಿಹಾಕಿಕೊಳ್ಳುತ್ತೀರಿ. ಮೊದಲ ಅರ್ಧದಲ್ಲಿ ಯಾರು ಜೋರು ಎಳೆಯುತ್ತಿದ್ದಾರೆ, ಯಾವ ಕುದುರೆ ತಿರುವಿನಲ್ಲಿ ಹೊರಕ್ಕೆ ಸರಿಯುತ್ತದೆ, ಯಾವುದಕ್ಕೆ ಚಾಟಿ ತೋರಿಸಿದರೆ ಮುನಿಸು ಎನ್ನುವುದೆಲ್ಲ ಮೊದಲೇ ಗೊತ್ತಿರಬೇಕು. ನೀರು ಆರಿದ ಮಿದುಳಿಗೆ ಇದು ಹೊಳೆಯುವುದಿಲ್ಲ. ನನಗೆ ಹೊಳೆಯಲಿಲ್ಲ.

ನಮ್ಮ ದೇಶದ ಹೆಸರಾಂತ ಜಾಕಿ ಪೇಸಿ ಶ್ರಾಫ್ 2004ರಲ್ಲಿ ಸವಾರಿ ನಿಲ್ಲಿಸುವಾಗ ಅವರ ಗೆಲುವುಗಳು 1,700 ದಾಟಿದ್ದವು. ಅಷ್ಟೂ ಗೆಲುವು ಒಳ್ಳೆ ಕುದುರೆಯ ಅದೃಷ್ಟದಿಂದಲೇ ಬಂತು ಎಂದರೆ ಆಮೇಲೆ ಟ್ರೇನರ್ ಆಗಿಯೂ ಅವರು ದೇಶದ ಮುಂಚೂಣಿಗೆ ಬಂದದ್ದು ಹೇಗೆ? ಕುದುರೆಯನ್ನು ಓದಲು ಬರುತ್ತಿತ್ತು. ನಮ್ಮ ಕಾಲದ ಜಾಕಿ ಸೂರಜ್ ನರೇಡು ಕುದುರೆ ಮನೆತನದಲ್ಲೇ ಹುಟ್ಟಿದವರು. ತಂದೆ ಸತೀಶ್ ನರೇಡು, ದೊಡ್ಡಪ್ಪ-ಚಿಕ್ಕಪ್ಪಂದಿರ ಸಾಲಿನ ಮಾಲೇಶ್ ನರೇಡು, ಇಬ್ಬರೂ ಮೊದಲು ಜಾಕಿ, ನಂತರ ಟ್ರೇನರ್. ನಿಮ್ಮ ಮಗನಿಗೆ ಅಂಥ ಮನೆತನ ಇಲ್ಲ, ಆದರೆ ಸೈಸ್ ಮಾವ ಇದ್ದಾನೆ. ಅದನ್ನು ಸಣ್ಣದು ಅಂದುಕೊಳ್ಳಬೇಡಿ. ಕುದುರೆ ಮೇವು ಬಿಟ್ಟಿದ್ದನ್ನು ಎಲ್ಲರಿಗಿಂತ ಮೊದಲು ಕಾಣುವವನು ಸೈಸ್. ಕುದುರೆ ಮೇವು ಬಿಟ್ಟರೆ ಓಡಿಸುವುದಿಲ್ಲ, ಡಾಕ್ಟರನ್ನು ಕರೆಸುತ್ತಾರೆ. ನಿಮ್ಮ ತಮ್ಮನಿಗೆ ಇದನ್ನೇ ಹೇಳಿ, ಅಳಿಯನ ವಿಷಯದಲ್ಲೂ ಅವನು ಅಷ್ಟೇ ನಿಗಾ ಇಡಲಿ.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ರೇಸಿಗೆ ಬೆಟ್ಟಿಂಗ್ ಇದೆ, ಅದರಿಂದ ಮನೆ ಮುಳುಗಿಸಿಕೊಂಡವರಿದ್ದಾರೆ, ಅವರ ಭಯ ಸುಮ್ಮನೆ ಬಂದದ್ದಲ್ಲ. ಆದರೆ ಎಲ್ಲವೂ ಫಿಕ್ಸ್ ಅನ್ನುವುದು ನಾನು ಕಂಡ ಸತ್ಯವಲ್ಲ. ಕುದುರೆ ಓಟ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಓಟವನ್ನು ಹಲವು ಕೋನಗಳಿಂದ ಚಿತ್ರೀಕರಿಸುತ್ತಾರೆ, ಅನುಮಾನ ಬಂದರೆ ಓಟದ ಮೇಲ್ವಿಚಾರಣೆ ಮಾಡುವ ಸ್ಟೀವರ್ಡುಗಳು ಕರೆದು ವಿಚಾರಿಸುತ್ತಾರೆ. ಕುದುರೆಯನ್ನು ಪೂರ್ತಿ ಓಡಿಸಲಿಲ್ಲ ಎಂದು ಕಂಡುಬಂದರೆ ಲೈಸೆನ್ಸ್ ಹೋಗುತ್ತದೆ. ಜಾಕಿ ಬೆಟ್ ಕಟ್ಟುವಂತಿಲ್ಲ. ಹಾಗಿದ್ದೂ ಆಮಿಷ ಒಡ್ಡುವವರು ಇದ್ದೇ ಇರುತ್ತಾರೆ. ಮೊದಲು ಬರುವುದು ದುಡ್ಡಿನ ಕಟ್ಟಲ್ಲ, ಒಂದು ಮೊಬೈಲು, ಒಂದು ಜೊತೆ ಶೂ, ಜೊತೆಗೆ "ನಾಳೆ ನಿಮ್ಮ ಕುದುರೆ ಹೇಗಿದೆ ತಮ್ಮಾ" ಅನ್ನುವ ಪ್ರೀತಿಯ ಪ್ರಶ್ನೆ. ಈಗಲೇ ಅವನಿಗೆ ಅಂಥ ಉಡುಗೊರೆ ಯಾರಾದರೂ ಕೊಟ್ಟಿದ್ದಾರಾ ಎಂದು ನೋಡಿಕೊಳ್ಳಿ.

ಜೀವನ ಆಗುತ್ತದಾ? ಕೆಲವರಿಗೆ ಬಹಳ ಚೆನ್ನಾಗಿ, ಹೆಚ್ಚಿನವರಿಗೆ ಅಷ್ಟಕ್ಕಷ್ಟೆ. ಪ್ರತಿ ಸವಾರಿಗೆ ಒಂದು ಶುಲ್ಕ, ಗೆದ್ದರೆ ಬಹುಮಾನದಲ್ಲಿ ಒಂದು ಸಣ್ಣ ಪಾಲು. ಒಳ್ಳೆಯ ಸವಾರಿಗಳೆಲ್ಲ ಮೇಲಿನ ಹತ್ತು ಹನ್ನೆರಡು ಜನರಿಗೇ ಹೋಗುತ್ತವೆ. ಅಪ್ರೆಂಟಿಸ್, ಅಂದರೆ ಇನ್ನೂ ಕಲಿಯುತ್ತಿರುವ, ಹುಡುಗನಿಗೆ ಮೊದಲು ತೂಕದ ರಿಯಾಯಿತಿ ಇರುತ್ತದೆ, ಅವನನ್ನು ಹತ್ತಿಸಿದರೆ ಕುದುರೆಗೆ ಕೆಲವು ಕೆಜಿ ಹಗುರ. ಗೆಲುವು ಹೆಚ್ಚಾದಂತೆ ಆ ರಿಯಾಯಿತಿ ಕರಗುತ್ತದೆ. ಇಂಗ್ಲೆಂಡಿನಲ್ಲಿ 95 ಗೆಲುವಿಗೆ ಪೂರ್ತಿ ಹೋಗುತ್ತದೆ. ಆ ದಿನದಿಂದ ಅವನು ದೊಡ್ಡ ಜಾಕಿಗಳ ಜೊತೆ ಸಮಸಮ ನಿಲ್ಲಬೇಕು. ಎಷ್ಟೋ ಹುಡುಗರ ಹೆಸರು ಕಾಣೆಯಾಗುವುದು ಆಗಲೇ. ಇದರ ಮೇಲೆ ಉದ್ಯಮವೂ ನೆಮ್ಮದಿಯಾಗಿಲ್ಲ. 2023ರ ಅಕ್ಟೋಬರಿನಿಂದ ಬೆಟ್ಟಿನ ಪೂರ್ತಿ ಮೊತ್ತದ ಮೇಲೆ ಶೇಕಡ 28 ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರಿನಲ್ಲಿ ಅದು 40 ಆಯಿತು. ಬಹುಮಾನದ ಹಣ ಬರುವುದು ಬೆಟ್ಟಿಂಗಿನಿಂದಲೇ ಆದ್ದರಿಂದ ಪೆಟ್ಟು ಲಾಯದವರೆಗೂ ಬೀಳುತ್ತದೆ. 2024ರಲ್ಲಿ ಪರವಾನಗಿಯ ತಕರಾರಿನಿಂದ ಬೆಂಗಳೂರಿನಲ್ಲಿ ರೇಸ್ ನಿಂತಿದ್ದು ನಿಮ್ಮ ತಮ್ಮನಿಗೆ ನೆನಪಿರುತ್ತದೆ, ಕೇಳಿ.

ಬೀಳುವ ವಿಷಯ ನೀವು ಕೇಳಲಿಲ್ಲ, ಹೇಳದೆ ಬಿಡಲಾರೆ. ಪ್ರತಿ ಓಟದ ಹಿಂದೆ ಆಂಬುಲೆನ್ಸ್ ಓಡುವ ಕ್ರೀಡೆ ಇದು. ಕಾರ್ಲ್ ಉಮ್ರಿಗರ್ ಎಂಬ ಹುಡುಗ ದೇಶದ ದೊಡ್ಡ ಜಾಕಿ ಆಗುತ್ತಾನೆ ಎಂದು ಎಲ್ಲರೂ ಮಾತಾಡುತ್ತಿದ್ದಾಗಲೇ 1979ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಮುಂಬಯಿಯ ಮಹಾಲಕ್ಷ್ಮಿಯಲ್ಲಿ ಬಿದ್ದ ಗಾಯದಿಂದ ತೀರಿಕೊಂಡ. ನನ್ನ ಕಾಲರ್ ಮೂಳೆ ಎರಡು ಸಲ ಮುರಿದಿದೆ, ಅದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ತಲೆಗೆ ಬಿದ್ದ ಪೆಟ್ಟನ್ನು ಮಾತ್ರ ಎಂದೂ ಹಗುರ ಮಾಡಬಾರದು. ಬೆಳಗಿನ ಕೆಲಸಕ್ಕೂ ಹೆಲ್ಮೆಟ್, ಎದೆ-ಬೆನ್ನು ಕಾಯುವ ಕವಚ ಇಲ್ಲದೆ ಅವನು ಕುದುರೆ ಹತ್ತಕೂಡದು.

ಹಾಗಾದರೆ ಏನು ಮಾಡುವುದು? ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರೆ ಮೂಳೆಯ ವಯಸ್ಸು ತಿಳಿಯುತ್ತದೆ, ಇನ್ನೆಷ್ಟು ಬೆಳೆಯಬಹುದು ಎಂದು ಮಕ್ಕಳ ಡಾಕ್ಟರ್ ಹೇಳುತ್ತಾರೆ. ದುಬಾರಿ ಪರೀಕ್ಷೆಯಲ್ಲ. ಬೆಳವಣಿಗೆ ಹೆಚ್ಚುಕಮ್ಮಿ ಮುಗಿದಿದೆ, 165ರ ಸುತ್ತ ನಿಲ್ಲುತ್ತಾನೆ ಎಂದರೆ, ಊಟ ಬಿಡದೆಯೇ ಅವನ ತೂಕ 52-53ರಲ್ಲಿ ನಿಲ್ಲುವಂತಿದ್ದರೆ, ರೇಸ್ ಕ್ಲಬ್ಬುಗಳು ನಡೆಸುವ ಅಪ್ರೆಂಟಿಸ್ ತರಬೇತಿಗೆ ಅರ್ಜಿ ಹಾಕಿಸಿ. ಅಪ್ರಾಪ್ತನಾದ್ದರಿಂದ ಒಪ್ಪಂದಕ್ಕೆ ನಿಮ್ಮ ಸಹಿ ಬೇಕಾಗುತ್ತದೆ. ಸಹಿ ಹಾಕುವ ಮೊದಲು ವಿಮೆ ಎಷ್ಟು, ಗಾಯವಾದರೆ ಯಾರು ನೋಡಿಕೊಳ್ಳುತ್ತಾರೆ, ಪಿಯುಸಿ ಪರೀಕ್ಷೆಗೆ ಬಿಡುತ್ತಾರಾ ಎಂದು ಕೇಳಿ ಬರೆಸಿಕೊಳ್ಳಿ. ಸಂಕೋಚ ಬೇಡ.

ಎಕ್ಸ್‌ರೇ 175 ಎಂದರೆ ಜಾಕಿಯ ಕನಸು ಮುಗಿಯಿತು ಎಂದು ಅವನಿಗೆ ಹೇಳಬೇಕಾಗುತ್ತದೆ. ಅದನ್ನು ನೀವು ಹೇಳಬೇಡಿ, ಡಾಕ್ಟರಿಂದ ಹೇಳಿಸಿ. ಅವನು ಅಳುತ್ತಾನೆ, ಅಳಲಿ. ಆದರೆ ಕುದುರೆ ಬಿಡಬೇಕಾಗಿಲ್ಲ. ಬೆಳಗಿನ ಟ್ರ್ಯಾಕ್ ಕೆಲಸದ ಸವಾರರಿಗೆ ತೂಕದ ಕಟ್ಟು ಅಷ್ಟು ಬಿಗಿಯಿಲ್ಲ. ಲಾಳ ಕಟ್ಟುವ ಕೆಲಸ ಬಲ್ಲವರಿಗೆ ಎಲ್ಲ ಕಡೆ ಬೇಡಿಕೆ ಇದೆ. ಟ್ರೇನರಿಗೆ ಸಹಾಯಕನಾಗಿ ಸೇರಬಹುದು, ಕುದುರೆ ಫಾರಂಗಳಲ್ಲಿ ಮರಿಗಳನ್ನು ಪಳಗಿಸುವ ಕೆಲಸ ಕಲಿಯಬಹುದು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದರೆ ಪಶುವೈದ್ಯಕೀಯದ ದಾರಿಯೂ ತೆರೆದಿದೆ. ಎರಡು ವರ್ಷ ಕತ್ತಲಲ್ಲೆದ್ದು ಲಾಯಕ್ಕೆ ಹೋದ ಹುಡುಗನಿಗೆ ಇವುಗಳಲ್ಲಿ ಯಾವುದೂ ದಂಡವಾಗುವುದಿಲ್ಲ. ಪೂರ್ತಿ ತಡೆದು ಮನೆಯಲ್ಲಿ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ತಡೆದರೆ ಮಾವನ ಕಣ್ಣಿಗೂ ಬೀಳದಂತೆ ಬೇರೆ ಲಾಯಕ್ಕೆ ಹೋಗುತ್ತಾನೆ, ಅಲ್ಲಿ ಮಾತ್ರೆ ಕೊಡುವವರೇ ಅವನ ಗುರುಗಳಾಗುತ್ತಾರೆ.

ಪರೀಕ್ಷೆ ಆಗುವವರೆಗೂ ಅವನೊಂದಿಗೆ ಒಂದು ಕರಾರು ಮಾಡಿಕೊಳ್ಳಿ: ಲಾಯಕ್ಕೆ ಹೋಗಬಹುದು, ಊಟ ಬಿಟ್ಟ ಮರುದಿನ ಕುದುರೆ ಹತ್ತುವಂತಿಲ್ಲ. ಇದನ್ನು ನೋಡಿಕೊಳ್ಳುವ ಹೊಣೆ ನಿಮ್ಮ ತಮ್ಮನದು. ಪ್ಲಾಸ್ಟಿಕ್ ಜಾಕೆಟ್ ಲಾಯದಲ್ಲೇ ಬಿಟ್ಟುಬರಲಿ. ತೂಕದ ಯಂತ್ರ ಮನೆಯಲ್ಲಿದ್ದರೆ ಯಾರಿಗಾದರೂ ಕೊಟ್ಟುಬಿಡಿ. ರಾತ್ರಿ ಒಂದು ರಾಗಿ ಮುದ್ದೆ, ಕಾಳಿನ ಸಾರು, ಸೊಪ್ಪಿನ ಪಲ್ಯ, ಒಂದು ಲೋಟ ಮಜ್ಜಿಗೆ ಸಾಕು. ನಿಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವ ಪದ್ಧತಿಯಿದ್ದರೆ ಎರಡು ಮೊಟ್ಟೆ. ಬಡಿಸಿ ಹೋಗಬೇಡಿ, ಅಪ್ಪ ಅಮ್ಮ ಇಬ್ಬರೂ ಪಕ್ಕದಲ್ಲೇ ಕೂತು ಉಣ್ಣಿ, ರೇಸಿನ ಮಾತು ತೆಗೆಯದೆ ಅವತ್ತು ಕುದುರೆ ಹೇಗಿತ್ತು ಎಂದು ಮಾತ್ರ ಕೇಳಿ.